ಟೊಪಗಿ ಹಕ್ಕಿಯ ತಿಂಗಳು

ಭೂತನಾಳ ಕೆರೆ, ವಿಜಾಪುರ
೧೮ ಫೆಬ್ರುವರಿ ೧೯೭೩

ಮುಮತಾಜ,

ನೀನು ತಿಕೋಟಾಕ್ಕೆ ಹೋದ ಮೇಲೆ ರಮಜಾನ್ ಕಳೆಯಿತು, ಬಕ್ರೀದ್ ಕಳೆಯಿತು. ಹೋಗುವಾಗ "ಅಮ್ಮಾನ ಕಡೆ ನಾಕು ದಿನ ಇದ್ದು ಬರ್ತೀನ್ರಿ" ಅಂದಿದ್ದೆ. ನಾನು ಹೂಂ ಅಂದೆ. ಆ ಮೇಲೆ ಯಾರ ಮುಂದೂ ಹೆಚ್ಚು ಮಾತಾಡಿಲ್ಲ. ಎರಡು ಹೊತ್ತು ಊರಿಗೆ ನೀರು ಬಿಡುವ ವಾಲ್ವ್ ತಿರುಗಿಸುತ್ತೇನೆ, ರೊಟ್ಟಿ ಬಡಿಯುತ್ತೇನೆ, ಸೀದ ರೊಟ್ಟಿ ನಾಯಿಗೆ ಹಾಕುತ್ತೇನೆ. ಅದೂ ಮೂಸಿ ನೋಡಿ ಹೋಗುತ್ತದೆ.

ಹೋದ ಮಳೆಗಾಲ ಕೈಕೊಟ್ಟಿದ್ದರಿಂದ ಕೆರೆ ಬಹಳ ಇಳಿದಿದೆ. ಏರಿಯ ಮುಂದಿನ ಗರಸಿನ ದಿಬ್ಬ ಸಂಕ್ರಾಂತಿಗೇ ಮೇಲೆ ಬಂತು. ಟೊಪಗಿ ಹಕ್ಕಿಗಳು ಈಗಲೇ ಬಂದು ಅದರ ಮೇಲೆ ಕೂತಿವೆ. ಕಳೆದ ವರ್ಷ ಬಂದದ್ದು ಮಾರ್ಚಿನಲ್ಲಿ. ಮರಿಯಾದದ್ದು ಏಪ್ರಿಲ್ ಕೊನೆಗೆ, ನಮ್ಮ ಹಸೀನಾ ಹೋದ ದಿನ. ಕರಿ ಟೊಪ್ಪಿಗೆ ಹಾಕಿಕೊಂಡು ನಮಾಜಿಗೆ ನಿಂತ ಹಾಗೆ ಸಾಲಾಗಿ ಕೂಡುತ್ತವೆ ಎಂದು ಆ ಹೆಸರು ಇಟ್ಟವಳು ಅವಳೇ. ಈಗ ಊರವರೆಲ್ಲ ಹಾಗೇ ಕರೆಯುತ್ತಾರೆ. ನಿನಗೆ ತಿಳಿಸಬೇಕು ಅನ್ನಿಸಿತು.

ಅಬ್ದುಲಗನಿ


ತಿಕೋಟಾ
ಮೊಹರಂ ಚಾಂದ, ೨೦

ಹಸೀನಾನ ಅಬ್ಬಾ ಅವರಿಗೆ ಸಲಾಂ.

ನಿಮ್ಮ ಪತ್ರ ಮುಟ್ಟಿತು. ನಾನು ಆರಾಮ. ಅಮ್ಮಾನ ಮೊಣಕಾಲು ನೋವು ಹಾಗೇ ಇದೆ.

ಮಶಾಕ್ ಭಾಯಿ ಬಬಲೇಶ್ವರದಿಂದ ಬಂದಿದ್ದರು. "ಮದುವಿ ಮಾಡಿ ಕೊಟ್ಟ ತಂಗಿ ಎಷ್ಟು ದಿನ ತವರಮನ್ಯಾಗ ಕುಂದರ್ಬೇಕು? ಬಂದು ಕರಕೊಂಡು ಹೋಗಾಕ ಅವಂಗ ಕಾಲಿಲ್ಲೇನು?" ಅಂದರು. ನಾನು ಹೇಳಿದೆ, ಕರೆದರೂ ಹೋಗಲು ನನಗೇ ಆಗುತ್ತಿಲ್ಲ, ಆ ಮನೆಯ ಬಾಗಿಲಲ್ಲಿ ನಿಂತರೆ ಏರಿ ಕಾಣುತ್ತದೆ ಎಂದು. ಭಾಯಿಗೆ ತಿಳಿಯಲಿಲ್ಲ. "ಏರಿ ಕಂಡ್ರ ಏನಾತು ಬೇ? ಕೆರಿ ಮುಂದಿನ ಮನಿಗೆ ಏರಿ ಕಾಣದ ಗೋಳಗುಮ್ಮಟ ಕಾಣತೈತೇನು?" ಅಂದರು.

ಒಂದು ಮಾತು ನಿಶ್ಚಯ ಮಾಡಿದ್ದೇನೆ. ಹಸೀನಾ ತೀರಿ ವರ್ಷ ತುಂಬುವ ಬರಸಿಯ ದಿನ ಬೆಳಿಗ್ಗೆ ನೀವು ಇಲ್ಲಿಗೆ ಬನ್ನಿ. ವರ್ಷದ ಫಾತಿಹಾ ಮುಗಿಸಿ ನಿಮ್ಮ ಜೊತೆ ಕೆರೆಗೆ ಬರುತ್ತೇನೆ. ಅವತ್ತಿನ ದಿನ ಆ ಮರಿಗಳನ್ನು ಇನ್ನೊಮ್ಮೆ ನೋಡಬೇಕು. ನೋಡಲು ಸಾಧ್ಯವಾದರೆ ಅಲ್ಲೇ ಇರುತ್ತೇನೆ. ನೀವು ಬಾರದಿದ್ದರೆ ಭಾಯಿಯ ಜೊತೆ ಬಬಲೇಶ್ವರಕ್ಕೆ ಹೋಗುತ್ತೇನೆ. ಅವರ ಹೊಲಿಗೆ ಅಂಗಡಿಯಲ್ಲಿ ಕಾಜಾ ಮಾಡುವುದಕ್ಕೆ, ಗುಂಡಿ ಹಚ್ಚುವುದಕ್ಕೆ ಕೈ ಬೇಕಂತೆ.

ಮುಮತಾಜ


ಭೂತನಾಳ
೬ ಏಪ್ರಿಲ್ ೧೯೭೩

ಮುಮತಾಜ,

ನೀನು ಚಾಂದದ ತಾರೀಖು ಹಾಕುತ್ತೀ, ನಾನು ಅಂಚೆ ಮುದ್ರೆ ನೋಡಿ ದಿನ ತಿಳಿಯುತ್ತೇನೆ. ಇಪ್ಪತ್ತು ವರ್ಷ ಖಾತೆಯ ಕ್ಯಾಲೆಂಡರಿನ ಕೆಳಗೆ ಕೂತು ಹೀಗಾಗಿದ್ದೇನೆ.

ಖಂಡಿತ ಬರುತ್ತೇನೆ. ಸೂಟಿಗೆ ಅರ್ಜಿ ಕೊಟ್ಟಿದ್ದೇನೆ. ಮೊದಲ ಬಸ್ಸಿಗೇ ಹತ್ತುತ್ತೇನೆ.

ಕೆರೆ ಇನ್ನೂ ಇಳಿದಿದೆ. ದಿಬ್ಬದ ಸುತ್ತಲಿನ ನೀರು ಬತ್ತಿ ದಡ ಮುಟ್ಟಿದೆ. ಕುರಿ ಕಾಯುವ ಅಮಸಿದ್ದ ಕುರಿಗಳನ್ನು ಅದರ ಮೇಲಿಂದಲೇ ದಾಟಿಸುತ್ತಾನೆ. ಮರಿಗಳು ಹೊರಬಂದಿವೆ. ಮೂರು. ಚೆನ್ನಾಗಿವೆ. ನೀನು ಬರುವವರೆಗೂ ಅಲ್ಲೇ ಇರುತ್ತವೆ.

ಅಬ್ದುಲಗನಿ


ಭೂತನಾಳ
೨೯ ಏಪ್ರಿಲ್ ೧೯೭೩

ಮುಮತಾಜ,

ನಿನ್ನೆ ತಿಕೋಟಾಕ್ಕೆ ಹೋಗಿದ್ದೆ. ಸಿದ್ಧೇಶ್ವರ ಗುಡಿಯ ಹತ್ತಿರ ಪೇಢೆ ಕಟ್ಟಿಸಿಕೊಂಡು, ತೊಳೆದ ಅಂಗಿ ಹಾಕಿಕೊಂಡು ಮೊದಲ ಬಸ್ಸಿಗೆ ಹೋದೆ. ಏಪ್ರಿಲ್ ಇಪ್ಪತ್ತೆಂಟು. ಡಾಕ್ಟರರು ಚೀಟಿಯ ಮೇಲೆ ಬರೆದದ್ದು ಆ ತಾರೀಖು. ನನ್ನ ತಲೆಯಲ್ಲಿ ಬೇರೆ ತಾರೀಖು ಇರಲೇ ಇಲ್ಲ.

ನಿಮ್ಮ ಅಮ್ಮಾ ಪೀರಾಂಬಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದರು. ಪೇಢೆಯ ಪೊಟ್ಟಣ ನೋಡಿದರು, ನನ್ನ ಮುಖ ನೋಡಿದರು.

"ಯಾರ ಮದುವಿಗೆ ಬಂದೀಯಪ್ಪಾ?"

"ಬರಸಿಗೆ ಬಂದೇನ್ರಿ ಅಮ್ಮಾ."

"ಬಾರಾವಫಾತ್ ಆದ ಮರುದಿನ ಕೂಸು ಹೋತು. ಬರಸಿನೂ ಬಾರಾವಫಾತ್ ಮರುದಿನಾನ ಆತು. ಹುಗ್ಗಿ ಮಾಡಿ ಸಂಜೀತನಕ ದಾರಿ ನೋಡಿದ್ಲು. ಯಾವ ದೇಶದ ಮುಸಲ್ಮಾನ ಅದೀಯೋ ಯಪ್ಪಾ ನೀ?"

ಆ ಮೇಲೆ ನೀರು ಕೊಟ್ಟರು. ನೀನು ಬಬಲೇಶ್ವರಕ್ಕೆ ಹೋದದ್ದನ್ನೂ ಹೇಳಿದರು.

ಚಾಂದದ ವರ್ಷ ಪ್ರತಿ ಸಲ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆಂದು ನನಗೆ ಗೊತ್ತಿಲ್ಲವೇ? ರೋಜಾ ಬಿಸಿಲಲ್ಲೂ ಹಿಡಿದಿದ್ದೇನೆ, ಚಳಿಯಲ್ಲೂ ಹಿಡಿದಿದ್ದೇನೆ. ಆದರೆ ಅವಳ ದಿನವೂ ಹಾಗೆ ಸರಿಯುತ್ತದೆಂದು ಹೊಳೆಯಲೇ ಇಲ್ಲ. ಅದು ಆ ಬಿಸಿಲಿಗೆ ಮೊಳೆ ಹೊಡೆದ ಹಾಗೆ ನಿಂತಿದೆ ಅಂದುಕೊಂಡಿದ್ದೆ. ಕ್ಷಮಿಸು.

ಅಬ್ದುಲಗನಿ


ಬಬಲೇಶ್ವರ
ದಸ್ತಗೀರ ಚಾಂದ, ೧೨

ಹಸೀನಾನ ಅಬ್ಬಾ ಅವರಿಗೆ,

ದಿನ ತಪ್ಪಿದ್ದನ್ನು ನಂಬುತ್ತೇನೆ. ನೀವು ಅಂಥವರೇ. ನಮ್ಮ ನಿಕಾಹದ ದಿನವೂ ವಾಲ್ವ್ ಬಂದ್ ಮಾಡಿ ಬರುತ್ತೇನೆಂದು ತಡ ಮಾಡಿದವರು.

ಆದರೆ ಹೋದ ಸಂತೆಯಲ್ಲಿ ಅಮಸಿದ್ದನ ಹೆಂಡತಿ ಸಕ್ರವ್ವ ಸಿಕ್ಕಳು. ಟೊಪಗಿ ಹಕ್ಕಿಯ ಮರಿ ಹಾರಿದವೇನು ಎಂದು ಕೇಳಿದೆ. "ಎಲ್ಲೀ ಮರಿ ತಂಗೀ? ದಿಬ್ಬಕ್ಕ ದಾರಿ ಆತಲ್ಲ, ಮೊಟ್ಟಿ ಇದ್ದಾಗ ನಾಯಿ ಹೊಕ್ಕು ಎಲ್ಲಾ ತಿಂದು ಹ್ವಾದುವು. ನಿನ್ನ ಗಂಡ ಅವತ್ತು ದಿಬ್ಬದ ಮ್ಯಾಲೆ ಸುಮ್ನ ಕುಂತಿದ್ದ" ಅಂದಳು.

ನೀವು ಬರೆದದ್ದು ಮೂರು ಮರಿ, ಚೆನ್ನಾಗಿವೆ ಎಂದು. ನಾನು ಅದನ್ನು ಅಮ್ಮಾನಿಗೆ ಓದಿ ಹೇಳಿದ್ದೆ.

ಜಮಾತಿನ ಹಿರಿಯರನ್ನು ಕೂಡಿಸಿ ಖುಲಾ ಕೇಳಿ ಬಿಡುಗಡೆ ಮಾಡಿಸೋಣ ಎಂದು ಮಶಾಕ್ ಭಾಯಿ ಅನ್ನುತ್ತಾರೆ. ಎರಡನೇ ಬರಸಿಯವರೆಗೆ ತಡೆಯಿರಿ ಎಂದು ಅಮ್ಮಾ ಕೈ ಮುಗಿದಿದ್ದಾಳೆ.

ಮುಮತಾಜ


ಭೂತನಾಳ
೨ ಸೆಪ್ಟೆಂಬರ್ ೧೯೭೩

ಮುಮತಾಜ,

ನೀನು ಸಕ್ರವ್ವನ ಮಾತು ಬರೆದ ಮೇಲೆ ಇದು ನನ್ನ ಮೂರನೇ ಪತ್ರ. ಮೊದಲಿನ ಎರಡಕ್ಕೆ ಉತ್ತರ ಬಂದಿಲ್ಲ. ಬಂದೇ ಬರಬೇಕೆಂದು ಬರೆಯುತ್ತಿಲ್ಲ.

ಸಕ್ರವ್ವ ಹೇಳಿದ್ದು ನಿಜ. ಬೆಳಿಗ್ಗೆ ಹೋದಾಗ ಸಿಪ್ಪೆ ಮಾತ್ರ ಇತ್ತು. ಹಕ್ಕಿಗಳು ಮೇಲೆ ಸುತ್ತುತ್ತ ಕೂಗುತ್ತಿದ್ದವು, ನಾನೇ ತಿಂದವನೆಂಬಂತೆ ನನ್ನ ತಲೆಗೇ ಎರಗುತ್ತಿದ್ದವು. ಮರಿ ಇಲ್ಲವೆಂದರೆ ನೀನು ಬರುವುದಿಲ್ಲ ಎಂದು ಹೆದರಿ ಸುಳ್ಳು ಬರೆದೆ. ಇನ್ನು ಬರೆಯುವುದಿಲ್ಲ.

ಈ ಸಲ ಮಳೆ ಚೆನ್ನಾಗಿ ಆಗುತ್ತಿದೆ. ಕೆರೆ ತುಂಬುತ್ತಿದೆ. ಪೇಟೆಯ ಜನ ರವಿವಾರ ಏರಿಯ ಮೇಲೆ ಬಂದು ನೀರು ನೋಡಿ ನಗುತ್ತಾರೆ. ನಿನ್ನೆ ಬಸಲಿಂಗಯ್ಯ ಮಾಸ್ತರರು ತಿರುಗಾಡಲು ಬಂದಿದ್ದರು. "ಗನಿಸಾಬ್ರ, ನಿಮ್ಮ ಟೊಪಗಿ ಹಕ್ಕಿ ಕಡಲ ಹಕ್ಕಿ ಕುಲದವು ನೋಡ್ರಿ. ಅವರ ಬಳಗೆಲ್ಲಾ ಸಮುದ್ರದ ನಡುಗಡ್ಡಿಮ್ಯಾಲೆ ಐತಿ. ಇವು ಮಾತ್ರ ನಮ್ಮಂಥಾ ಬರಗಾಲದ ಊರು ಆರಿಸ್ಕೊಂಡಾವ" ಅಂದರು.

"ಮೊಟ್ಟಿ ಇಡೂ ದಿನ ಅವಕ್ಕ ಹ್ಯಾಂಗ ತಿಳೀತದ್ರಿ?" ಎಂದು ಕೇಳಿದೆ.

"ಅದನ್ನ ಅವನ್ನ ಕೇಳ್ರಿ. ನನಗ ನನ್ನ ಪಗಾರದ ದಿನ ಬಿಟ್ರ ಬ್ಯಾರೆ ತಿಳಿಯೂದಿಲ್ಲ" ಅಂದು ನಕ್ಕರು.

ನಾನೂ ನಕ್ಕೆ. ಮನೆಗೆ ಬಂದು ಹೇಳಲು ಯಾರೂ ಇರಲಿಲ್ಲ. ಅದಕ್ಕೇ ಇಲ್ಲಿ ಬರೆದೆ.

ಅಬ್ದುಲಗನಿ


ಭೂತನಾಳ
೧೦ ಫೆಬ್ರುವರಿ ೧೯೭೪

ಮುಮತಾಜ,

ಎರಡನೇ ಬರಸಿ ಏಪ್ರಿಲ್ ಆರಕ್ಕೆ ಬರುತ್ತದೆ, ಚಾಂದ ಕಂಡ ಮೇಲೆ ಒಂದು ದಿನ ಹೆಚ್ಚುಕಡಿಮೆ ಆಗಬಹುದು. ಮಸೀದಿಯಲ್ಲಿ ಮಲಂಗಸಾಬರನ್ನು ಕೇಳಿ ಗುರುತು ಹಾಕಿಕೊಂಡಿದ್ದೇನೆ. ಬಬಲೇಶ್ವರಕ್ಕೆ ಬರುತ್ತೇನೆ. ನೀನು ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ, ಫಾತಿಹಾಕ್ಕೆ ಕೂತು ಎದ್ದು ಬರುತ್ತೇನೆ.

ಇಲ್ಲಿ ಚಳಿ ಮುಗಿಯಿತು. ಅಮಸಿದ್ದ ಬಂದು ಕೂಡುತ್ತಾನೆ, ಬೀಡಿ ಸೇದುತ್ತಾನೆ, ಹೋಗುತ್ತಾನೆ.

ಅಬ್ದುಲಗನಿ


ಬಬಲೇಶ್ವರ
ತೇರಾತೇಜಿ ಚಾಂದ, ೫

ಹಸೀನಾನ ಅಬ್ಬಾ ಅವರಿಗೆ ಸಲಾಂ.

ನಿಮ್ಮ ಪತ್ರಗಳೆಲ್ಲ ಮುಟ್ಟಿವೆ. ಅಂಗಡಿಯಲ್ಲಿ ದಿನವಿಡೀ ಸೂಜಿ ಹಿಡಿದ ಮೇಲೆ ಪೆನ್ಸಿಲ್ ಹಿಡಿಯಲು ಮನಸ್ಸು ಬರುವುದಿಲ್ಲ.

ಬರಸಿಯ ದಿನ ನೀವು ಇಲ್ಲಿಗೆ ಬರುವುದು ಬೇಡ. ನಾನೇ ಭಾಯಿಯ ಜೊತೆ ಕೆರೆಗೆ ಬರುತ್ತೇನೆ. ಮರಿ ನೋಡಿ, ಅಲ್ಲೇ ನನ್ನ ಮನಸ್ಸು ಹೇಳುತ್ತೇನೆ. ಇರುವುದೋ, ಬಿಡುಗಡೆಯೋ. ಅದಾದ ಮೇಲೆ ಭಾಯಿ ಕಾಯುವುದಿಲ್ಲ.

ಮರಿ ಮರಿ ಎಂದು ಹುಚ್ಚಿಯ ಹಾಗೆ ಯಾಕೆ ಅನ್ನುತ್ತಾಳೆ ಎಂದು ನಿಮಗೆ ಅನ್ನಿಸಿರಬಹುದು. ಅವತ್ತು ಜ್ವರದಲ್ಲಿ ಅವಳು ನನಗೆ ಹೇಳಿದ್ದನ್ನು ನೀವೂ ಕೇಳಿದ್ದೀರಿ. "ಅಮ್ಮಿ, ಟೊಪಗಿ ಹಕ್ಕಿ ಮರಿ ಹೊರಗ ಬಂದಾವೇನು ನೋಡಿ ಬಾ ಬೇ" ಅಂದಳು. ನಾನು ಹೋದೆ. ನೋಡಿ ಓಡಿ ಬಂದೆ. ಬಾಗಿಲಲ್ಲಿ ನೀವು ನಿಂತಿದ್ದಿರಿ. ಹೇಳಲು ಬಾಯಿ ತೆರೆದಿದ್ದೆ. ಆ ಬಾಯಿ ಹಾಗೇ ಇದೆ.

ಮುಮತಾಜ


ಭೂತನಾಳ
೨೨ ಮಾರ್ಚ್ ೧೯೭೪

ಮುಮತಾಜ,

ಇದನ್ನು ಬರೆದರೆ ನೀನು ಬರುವುದಿಲ್ಲ ಎಂದು ಗೊತ್ತು. ಆದರೂ ಬರೆಯುತ್ತೇನೆ. ಏಪ್ರಿಲ್ ಆರಕ್ಕೆ ಮರಿ ಇರುವುದಿಲ್ಲ. ಮೊಟ್ಟೆಯೂ ಇರುವುದಿಲ್ಲ. ಕೆರೆ ಇನ್ನೂ ತುಂಬಿದೆ, ದಿಬ್ಬ ನೀರಿನ ಅಡಿಯಲ್ಲಿದೆ. ಹಕ್ಕಿಗಳು ಬಂದಿವೆ. ದಿಬ್ಬ ಇದ್ದ ಜಾಗದ ಮೇಲೆ ಹಾರಾಡುತ್ತವೆ, ಕೂಡಲು ಜಾಗವಿಲ್ಲದೆ ಪೈಪಿನ ಮೇಲೆ ಕೂಡುತ್ತವೆ.

ನಿನ್ನ ಪತ್ರ ಬಂದ ಮೇಲೆ ಹಳೆಯ ಡಾಂಬರು ಪೀಪಾಯಿ ನಾಲ್ಕು ತಂದು, ಮೇಲೆ ಹಲಗೆ ಬಿಗಿದು, ಗರಸು ಹರಡಿ ನೀರಿಗೆ ಬಿಟ್ಟೆ. ದಿಬ್ಬವೆಂದು ತಿಳಿದು ಮೊಟ್ಟೆ ಇಡಲಿ ಎಂದು. ಟೊಪಗಿ ಹಕ್ಕಿ ಅದರ ಕಡೆ ನೋಡಲೂ ಇಲ್ಲ. ಒಂದು ನೀರುಕಾಗೆ ಬಂದು ರೆಕ್ಕೆ ಹರಡಿ ಕೂತಿತು. ಅಮಸಿದ್ದ ದಡದಿಂದ ಕೂಗಿದ, "ಗನಿಸಾಬ್ರ, ನಿಮ್ಮ ಹಡಗಕ್ಕ ಕಾಗಿ ಕಪ್ತಾನ ಆಗೈತ್ರಿ! ಟಿಕೀಟ ಎಲ್ಲಿ ಕೊಡ್ತಾರ?"

ಆ ಮೇಲೆ ನನ್ನ ಬಳಿ ಕೂತು ಕೇಳಿದ, "ನಿಮ್ಮ ಹಬ್ಬ ಚಾಂದ ನೋಡ್ತಾವ. ನಿಮ್ಮ ನೌಕರಿ ಕ್ಯಾಲೆಂಡರ ನೋಡತೈತಿ. ಹಕ್ಕಿ ಏನ ನೋಡ್ತಾವಂತ ತಿಳದೀರಿ?"

"ಏನು?"

"ನೀರ ನೋಡ್ತಾವ್ರಿ. ನನ್ನ ಕುರಿ ಹುಲ್ಲ ನೋಡೂ ಹಂಗ. ಇಳದ್ರ ಬರ್ತಾವ, ಏರಿದ್ರ ತಡೀತಾವ. ಅವಕ್ಕ ನಿಮ್ಮ ದುಃಖದ ದಿನ ಹ್ಯಾಂಗ ಗೊತ್ತಾಗಬೇಕು?"

ಒಂದು ಕೆಲಸ ಮಾಡಬಹುದಿತ್ತು. ಹೊರಬಿಡುವ ತೂಬಿನ ಚಕ್ರವನ್ನು ನಾಲ್ಕು ದಿನ ತೆರೆದಿಟ್ಟರೆ ನೀರು ಹಳ್ಳಕ್ಕೆ ಹೋಗಿ ದಿಬ್ಬ ಕಾಣುತ್ತಿತ್ತು. ಕೈ ಚಕ್ರದ ಮೇಲಿಟ್ಟಿದ್ದೆ. ಹೋದ ವರ್ಷ ನಳದ ಮುಂದೆ ಕೊಡ ಹಿಡಿದು ಬೆಳಗಿನಿಂದ ಕೂತಿದ್ದ ಹೆಂಗಸರ ನೆನಪಾಯಿತು. ಕೈ ತೆಗೆದೆ. ಇದನ್ನೂ ನಿನಗೆ ಹೇಳಬೇಕು.

ಬರಸಿಗೆ ನಾನೇ ಬರುತ್ತೇನೆ, ಬೇಡ ಅನ್ನಬೇಡ.

ಅವತ್ತು ನೀನು ಏನು ನೋಡಿ ಬಂದೆ ಎಂದು ನಾನು ಈವರೆಗೆ ಕೇಳಿಲ್ಲ. ಬಾಗಿಲಲ್ಲಿ ನಿಂತು ನಿನ್ನನ್ನು ನೋಡಿದಾಗಲೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಏನು ನೋಡಿದೆ?

ಅಬ್ದುಲಗನಿ


ಬಬಲೇಶ್ವರ
ಬಾರಾವಫಾತ್ ಚಾಂದ, ೧೫

ಹಸೀನಾನ ಅಬ್ಬಾ ಅವರಿಗೆ ಸಲಾಂ.

ಮೊನ್ನೆ ನೀವು ಬಂದು ಹೋದಿರಿ. ಗಂಡಸರ ನಡುವೆ ಕೂತವರ ಜೊತೆ ನಾನು ಏನು ಮಾತಾಡಲಿ? ಪರದೆಯ ಹಿಂದಿನಿಂದ ಎಲ್ಲ ಕೇಳಿದೆ. "ಈ ಸಲ ಚಾಂದ ಕಂಡಿತೇನ್ರಿ ಗನಿಸಾಬ್ರ? ಇಲ್ಲಾ ಖಾತೇದವ್ರು ನೋಟೀಸ ಕೊಟ್ರೋ?" ಎಂದು ಭಾಯಿ ಕುಟುಕಿದರು. ನೀವು ತಲೆ ತಗ್ಗಿಸಿಕೊಂಡು ಉಂಡಿರಿ. ಪೀಪಾಯಿಯ ಮಾತು ಬಂದಾಗ ಒಳಗೆ ಅಮ್ಮಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಈ ಎರಡು ವರ್ಷದಲ್ಲಿ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ. ನೀವು ಸೊರಗಿದ್ದೀರಿ. ಅಂಗಿಯ ಎರಡು ಗುಂಡಿ ಇರಲಿಲ್ಲ.

ಈಗ ನೀವು ಕೇಳಿದ್ದು.

ಏರಿಯ ಮೇಲಿಂದ ಏನೂ ಕಾಣಲಿಲ್ಲ. ಮರಿಗಳು ಗರಸಿನ ಬಣ್ಣವೇ ಇರುತ್ತವೆ. ನಾನು ಸೀರೆ ಎತ್ತಿ ಮೊಣಕಾಲು ನೀರಿನಲ್ಲಿ ದಿಬ್ಬಕ್ಕೆ ಹೋದೆ. ಒಂದು ಮರಿ ಪೂರ್ತಿ ಹೊರಬಂದಿತ್ತು. ಹಸಿ, ಕಣ್ಣು ಪಿಳಿಪಿಳಿ. ಅದರ ಬದಿಯ ಮೊಟ್ಟೆ ಒಡೆದು ಕೊಕ್ಕು ಮತ್ತು ಅರ್ಧ ತಲೆ ಮಾತ್ರ ಕಾಣುತ್ತಿತ್ತು. ಬಿಸಿಲು ಬೆಂಕಿಯ ಹಾಗಿತ್ತು. ತಾಯಿ ಹಕ್ಕಿ ನೀರಿಗಿಳಿದು ಹೊಟ್ಟೆ ತೋಯಿಸಿಕೊಂಡು ಬಂದು ಅವುಗಳ ಮೇಲೆ ಕೂತಿತು. ನಾನು ಅಷ್ಟು ಹತ್ತಿರವಿದ್ದರೂ ಹಾರಲಿಲ್ಲ. ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದೆನಲ್ಲ, ಹಾಗೇ.

"ಒಂದೂವರಿ ಮರಿ ಬಂದಾವ ಹಸೀನಾ" ಎಂದು ಹೇಳಬೇಕು, ಅವಳು ನಗುತ್ತಾಳೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದೆ. ಅಷ್ಟೇ. ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ನಿಮಗೆ ಹೇಳಿದ್ದೇನೆ.

ನೀವು ಹೋದ ಮೇಲೆ ಭಾಯಿ ಕೇಳಿದರು, "ಎರಡನೇ ಬರಸೀನೂ ಆತು. ಈಗ ಹೇಳ ಬೇ, ಜಮಾತ್ ಕೂಡಸ್ಲೇನು?"

"ಹಕ್ಕಿ ಮೊಟ್ಟಿ ಇಡೂತನಕ ತಡೀರಿ ಭಾಯಿ" ಅಂದೆ.

"ಜಮಾತ್‌ನಾಗ ಏನಂತ ಹೇಳ್ಲಿ? ನನ್ನ ತಂಗೀದು ತಲಾಖ್ ಹಕ್ಕಿ ಕೈಯಾಗ ಐತಿ ಅಂತ ಹೇಳ್ಲೇನು?" ಎಂದು ಕತ್ತರಿ ಒಗೆದು ಎದ್ದರು. ಆದರೆ ಜಮಾತಿನವರ ಕಡೆ ಹೋಗಲಿಲ್ಲ.

ನೀರು ಇಳಿದಾಗ ತಿಳಿಸಿ. ಸುಳ್ಳು ಬೇಡ.

ಮುಮತಾಜ


ಭೂತನಾಳ
೨೪ ಮೇ ೧೯೭೪

ಮುಮತಾಜ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ಒಂದೂವರೆ. ಅವಳು ನಗುತ್ತಿದ್ದಳು.

ದಿಬ್ಬ ಹೋದ ವಾರ ಮೇಲೆ ಬಂತು. ತೆಳ್ಳಗೆ, ಎಮ್ಮೆಯ ಬೆನ್ನಿನಷ್ಟೇ. ಸುತ್ತ ನೀರಿದೆ, ನಾಯಿ ಬರಲಾರದು. ಹಕ್ಕಿಗಳು ಅದೇ ದಿನ ಇಳಿದವು. ಈಗ ಎರಡು ಕಡೆ ಮೊಟ್ಟೆ ಇವೆ, ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು.

ಮರಿಯಾಗಲು ಇನ್ನೂ ಎರಡು ವಾರವಾದರೂ ಬೇಕು. ಅಷ್ಟರಲ್ಲಿ ಮೃಗಶಿರ ಮಳೆ ಬರುತ್ತದೆ. ಮೊನ್ನೆಯೇ ಪಡುವಣದಲ್ಲಿ ಮಿಂಚಿತು. ದೊಡ್ಡ ಮಳೆಯಾದರೆ ದಿಬ್ಬ ಮುಳುಗುತ್ತದೆ. ತಡವಾಗಿ ಇಟ್ಟ ಮೊಟ್ಟೆ, ಏನಾಗುತ್ತದೋ ನನಗೆ ಗೊತ್ತಿಲ್ಲ. ಬಾ ಎಂದು ಕರೆಯಲು ಧೈರ್ಯವಿಲ್ಲ. ಬರಬೇಡ ಎಂದೂ ಅನ್ನಲಾರೆ. ಇರುವುದನ್ನು ಇದ್ದ ಹಾಗೆ ಬರೆದಿದ್ದೇನೆ.

ಅಬ್ದುಲಗನಿ


ಬಬಲೇಶ್ವರ
ಮದಾರ ಚಾಂದ, ೮

ಹಸೀನಾನ ಅಬ್ಬಾ ಅವರಿಗೆ ಸಲಾಂ.

ಸೋಮವಾರ ಬರುತ್ತೇನೆ. ನನ್ನ ಟ್ರಂಕು ಭಾಯಿಯೇ ಬಸ್ಸಿನ ಮೇಲೆ ಹೇರಿಸುತ್ತಾರಂತೆ. ಬೈಯುತ್ತಲೇ ಹಗ್ಗ ಹುಡುಕುತ್ತಿದ್ದಾರೆ.

ಮರಿಯಾದ ಮೇಲೆ ಬರೋಣ ಅಂದುಕೊಂಡಿದ್ದೆ. ಆ ಮೇಲೆ ಬೇಡ ಅನ್ನಿಸಿತು. ಮಳೆ ಮೊದಲು ಬಂದರೆ ನೀವು ಮತ್ತೆ ಒಬ್ಬರೇ ಅದನ್ನು ನೋಡಬೇಕಾಗುತ್ತದೆ, ನನಗೆ ಹೇಗೆ ಬರೆಯಲಿ ಎಂದು ಕೂಡಬೇಕಾಗುತ್ತದೆ.

ಮೂರು ಗಂಟೆಯ ಹೊತ್ತಿಗೆ ವಾಲ್ವಿನ ಹತ್ತಿರ ಅಮಸಿದ್ದನನ್ನು ಕೂಡಿಸಿ ಏರಿಯ ಬುಡಕ್ಕೆ ಬನ್ನಿ. ಅಲ್ಲಿಂದ ದಿಬ್ಬಕ್ಕೆ ಹೋಗೋಣ. ನೀರು ಎಷ್ಟು ಆಳವಿದೆಯೋ ಗೊತ್ತಿಲ್ಲ, ನನ್ನ ಕೈ ಹಿಡಿದುಕೊಳ್ಳಿ. ಒಬ್ಬಳೇ ನೋಡಿ ಬರುವುದು ಇನ್ನು ನನ್ನಿಂದ ಆಗುವುದಿಲ್ಲ.

ಮುಮತಾಜ